ತಪ್ಪು ಉತ್ತರದ ಬೆನ್ನು ಹತ್ತಿ

ಚಿಂಚೋಳಿ ಎಂದೊಡನೆ ಕನ್ನಡ ಓದುಗರಿಗೆ ಕಲಬುರಗಿ ಜಿಲ್ಲೆಯ ತಾಲ್ಲೂಕು ನೆನಪಾಗುತ್ತದೆ. ನಾನು ಹೋಗಿದ್ದು ಸೊಲ್ಲಾಪುರದಿಂದ ಪುಣೆ ಹೆದ್ದಾರಿ ಹಿಡಿದರೆ ಸಿಗುವ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ. ಭೌಗೋಳಿಕ ಗುರುತಿನ ಮುದ್ರೆ ಪಡೆದಿರುವ ಸೊಲ್ಲಾಪುರದ ಟೆರ್ರಿ ಟಾವೆಲಿನ ಬಗ್ಗೆ ಬರೆಯುವ ಆಸೆಯಿತ್ತು. ಆ ಲೇಖನ ಇನ್ನೂ ಬರೆದಿಲ್ಲ. ಆರು ವರ್ಷದ ಒಬ್ಬ ಹುಡುಗಿ ಮತ್ತು ಎರಡು ಮೊಳ ನೂಲು ಅದನ್ನು ಬರೆಯಗೊಡಲಿಲ್ಲ.

ಹುಡುಗಿಯ ತಂದೆ ಟಾವೆಲ್ ಮಗ್ಗದ ಕೆಲಸಗಾರ. ಮೂಲ ಊರು ಅಕ್ಕಲಕೋಟೆ ತಾಲ್ಲೂಕಿನದು, ಮನೆಮಾತು ಕನ್ನಡ. ಅವರ ಬಾಡಿಗೆ ಮನೆಗೆ ಆ ದಿನ ಅಣ್ಣ ಬಂದಿದ್ದರು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಮಾಸ್ತರರು, ಇಪ್ಪತ್ತು ವರ್ಷ ದಾಟಿದ ಸೇವೆ. ಜೊತೆಗೆ ಅವರ ಮಗಳು, ಪ್ರಾಥಮಿಕ ಶಿಕ್ಷಕರ ತರಬೇತಿಯಾದ ಡಿ.ಎಲ್.ಇಡಿ. ವಿದ್ಯಾರ್ಥಿನಿ. ಅಪ್ಪ, ಮಗಳು ಇಬ್ಬರೂ ಒಂದೇ ಗೈಡಿನ ಮೇಲೆ ಬಾಗಿ ಕೂತಿದ್ದರು. ವಿಷಯ: ಬಾಲವಿಕಾಸ ಮತ್ತು ಬೋಧನಶಾಸ್ತ್ರ.

ಇಂಥ ದೃಶ್ಯಕ್ಕೆ ಕಾರಣ ಸುಪ್ರೀಂ ಕೋರ್ಟು. 2025ರ ಸೆಪ್ಟೆಂಬರ್ 1ರ ತೀರ್ಪಿನ ಪ್ರಕಾರ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಸೇವಾನಿರತ ಶಿಕ್ಷಕರೂ ಎರಡು ವರ್ಷದೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಬೇಕು. ಒಂದರಿಂದ ಐದನೇ ತರಗತಿಗೆ ಕಲಿಸುವವರು ಬರೆಯುವ ಮೊದಲ ಪತ್ರಿಕೆಯಲ್ಲಿ 150 ಪ್ರಶ್ನೆ, ಅದರಲ್ಲಿ ಬಾಲವಿಕಾಸಕ್ಕೆ 30. ಮಹಾರಾಷ್ಟ್ರದಲ್ಲಿ ಇದನ್ನು ಕನ್ನಡದಲ್ಲೂ ಬರೆಯಬಹುದು. ಹೀಗಾಗಿ ಗಡಿ ಕನ್ನಡ ಶಾಲೆಯ ಹಿರಿಯ ಮಾಸ್ತರರು ಈಗ ಮಗುವಿನ ಯೋಚನೆ ಬೆಳೆಯುವ ಬಗ್ಗೆ ಮನೋವಿಜ್ಞಾನಿ ಪಿಯಾಜೆ ಹೇಳಿದ ನಾಲ್ಕು ಹಂತಗಳನ್ನು ಉರು ಹೊಡೆಯುತ್ತಿದ್ದಾರೆ: ಸಂವೇದನಾ ಗತಿ, ಕಾರ್ಯಪೂರ್ವ, ಮೂರ್ತ ಕಾರ್ಯ, ಔಪಚಾರಿಕ ಕಾರ್ಯ. ಮಗಳಿಗೆ ನಾಲ್ಕೂ ಬಾಯಿಪಾಠ. ಅಪ್ಪನಿಗೆ ಎರಡನೆಯದರ ಹೆಸರು ಪ್ರತಿ ಸಲ ಮರೆಯುತ್ತದೆ. ‘ಹೆಸರ ನೆನಪ ಉಳಿಯಂಗಿಲ್ರೀ, ಹುಡುಗೂರು ನೆನಪ ಉಳೀತಾರ’ ಎಂದರು.

ಬೀಜ ಹೆಚ್ಚೋ, ನೂಲು ಉದ್ದವೋ

ಮಗಳು ಪುಸ್ತಕದ ಪ್ರಯೋಗವನ್ನು ಮಾಡಿಯೇ ತೋರಿಸುತ್ತೇನೆಂದು ಎದ್ದಳು. ಹುಣಸೆ ಬೀಜಗಳನ್ನು ಎರಡು ಸಾಲಾಗಿ, ಒಂದಕ್ಕೊಂದು ಎದುರಾಗಿ ಜೋಡಿಸಿ ತಂಗಿಯನ್ನು ಕೂರಿಸಿದಳು. ಎರಡೂ ಸಾಲು ಸಮ ಎಂದು ಹುಡುಗಿ ಒಪ್ಪಿದಳು. ಆಮೇಲೆ ಅಕ್ಕ ಒಂದು ಸಾಲಿನ ಬೀಜಗಳನ್ನು ದೂರ ದೂರ ಸರಿಸಿ, ‘ಈಗ ಎದರಾಗ ಭಾಳ ಅದಾವ?’ ಎಂದಳು. ಹುಡುಗಿ ಉದ್ದ ಸಾಲನ್ನು ತೋರಿಸಿದಳು. ಗೈಡಿನಲ್ಲಿ ಬರೆದಂತೆಯೇ ಆಯಿತು. ಏಳು ವರ್ಷಕ್ಕೆ ಮುಂಚಿನ ಮಗುವಿಗೆ ಸಂರಕ್ಷಣೆಯ, ಅಂದರೆ ಜೋಡಣೆ ಬದಲಾದರೂ ಎಣಿಕೆ ಬದಲಾಗದೆಂಬ, ಕಲ್ಪನೆ ಇಲ್ಲ, ಕಾರ್ಯಪೂರ್ವ ಹಂತ, ಒಂದು ಅಂಕ.

ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮನೆಯ ಮೂಲೆಯಲ್ಲಿ ನೂಲಿನ ಕೋನ್ ಇತ್ತು. ಮಾಸ್ತರರು ಅದರಿಂದ ಸಮನಾದ ಎರಡು ಎಳೆ ಕತ್ತರಿಸಿ, ಪಕ್ಕಪಕ್ಕ ಇಟ್ಟು ತೋರಿಸಿ, ಒಂದನ್ನು ಬೆರಳಿಗೆ ಸುತ್ತಿ ಸಣ್ಣ ಸುರುಳಿ ಮಾಡಿ ಕೆಳಗಿಟ್ಟರು. ಯಾವುದು ಉದ್ದ? ಹುಡುಗಿ ದೊಡ್ಡಪ್ಪನ ಮುಖವನ್ನು ಕನಿಕರದಿಂದ ನೋಡಿದಳು. ‘ಎರಡೂ ಅಷ್ಟ. ನೀವ ಬರೇ ಸುತ್ತೀರಿ, ಕತ್ತರಿಸಿಲ್ಲಲ್ಲಾ.’

ನನಗೆ ಇಂದಿಗೂ ಇಳಿಯದ ಖುಷಿ ಕೊಟ್ಟದ್ದು ಈ ಮಾತು. ಬೀಜದ ಮುಂದೆ ಸೋತ ಮಗು ನೂಲಿನ ಮುಂದೆ ಗೆದ್ದಿತ್ತು. ಅದೂ ಕಾರಣ ಸಮೇತ. ಅಕ್ಕನಿಗೆ ಮಾತ್ರ ಪೇಚಾಟ. ತಂಗಿಯನ್ನು ಯಾವ ಹಂತದ ಕೋಷ್ಟಕದಲ್ಲಿ ಬರೆಯುವುದು? ಮಾಸ್ತರರು ನಕ್ಕರು: ‘ನೂಲಿನ್ಯಾಗ ಒಂದು ಹಂತ, ಹುಣಸಿಬೀಜದಾಗ ಇನ್ನೊಂದು ಹಂತ ಅಂತ ಬರಿ.’

ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಟೆರ್ರಿ ಟಾವೆಲಿಗೆ ಹಾಸು ಎರಡು: ಬಿಗಿಯಾದ ನೆಲದ ಹಾಸು, ಸಡಿಲವಾದ ಕುಣಿಕೆಯ ಹಾಸು. ಹೊಕ್ಕಿನ ಎರಡು ಎಳೆಗಳನ್ನು ಸ್ವಲ್ಪ ಹಿಂದೆಯೇ ನಿಲ್ಲಿಸಿ, ಮೂರನೆಯದರ ಜೊತೆ ಒಟ್ಟಿಗೆ ಬಡಿದಾಗ ಸಡಿಲ ನೂಲು ಕುಣಿಕೆಯಾಗಿ ಮೇಲೇಳುತ್ತದೆ. ಹಾಗಾಗಿ ಟಾವೆಲಿನ ಉದ್ದಕ್ಕಿಂತ ಅದರ ಕುಣಿಕೆಯ ನೂಲು ಹಲವು ಪಟ್ಟು ಉದ್ದ. ಗಿಡ್ಡ ಬಟ್ಟೆಯಲ್ಲಿ ಉದ್ದ ನೂಲು ಅಡಗಿರುತ್ತದೆಂಬುದು ಈ ಮನೆಯಲ್ಲಿ ದಿನದ ಮಾತು. ಮೆಕ್ಸಿಕೊದ ಕುಂಬಾರರ ಮಕ್ಕಳ ಬಗ್ಗೆ 1969ರಲ್ಲಿ ಪ್ರೈಸ್-ವಿಲಿಯಮ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಆಕಾರ ಬದಲಾದರೂ ಮಣ್ಣು ಅಷ್ಟೇ ಇರುತ್ತದೆಂಬ ಅರಿವು ಅವರಲ್ಲಿ ಬೇರೆ ಮಕ್ಕಳಿಗಿಂತ ಮೊದಲೇ ಬಲಿತಿತ್ತು.

ನಾನೂ ಸುಮ್ಮನಿರಲಿಲ್ಲ, ಎಡಿನ್‌ಬರೋದ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಮೆಕ್‌ಗ್ಯಾರಿಗಲ್ 1970ರ ದಶಕದಲ್ಲಿ ಮಾಡಿದ ತುಂಟ ಕರಡಿಯ ಪ್ರಯೋಗ ಹೇಳಿದೆ. ಸಾಲನ್ನು ದೊಡ್ಡವರು ಸರಿಸಿದಾಗ ಸುಮಾರು ಆರರಲ್ಲಿ ಒಂದು ಮಗು ಮಾತ್ರ ಸರಿಯುತ್ತರ ಕೊಟ್ಟಿತ್ತು. ಆಟದ ಕರಡಿ ನುಗ್ಗಿ ಸಾಲು ಕೆಡಿಸಿದಂತೆ ಮಾಡಿದಾಗ ಸರಿಯುತ್ತರ ಕೊಟ್ಟವರು ಹತ್ತಿರಹತ್ತಿರ ಮೂರರಲ್ಲಿ ಇಬ್ಬರು. ಮಕ್ಕಳ ಲೆಕ್ಕ ಹೀಗಿರಬೇಕು: ದೊಡ್ಡವರು ಬೇಕೆಂದೇ ಏನೋ ಬದಲಿಸಿ ಅದೇ ಪ್ರಶ್ನೆ ಮತ್ತೆ ಕೇಳಿದರೆ ಉತ್ತರವೂ ಬದಲಾಗಬೇಕು ತಾನೆ? ಅಕ್ಕ ಕೂಡಲೇ ಬಟ್ಟೆಯ ಬೆಕ್ಕೊಂದನ್ನು ತಂದು ಬೀಜದ ಮೇಲೆ ಹಾರಿಸಿದಳು. ಬೆಕ್ಕಿನ ಆಟ ತಂಗಿಗೆ ಎಷ್ಟು ಹಿಡಿಸಿತೆಂದರೆ ಪ್ರಶ್ನೆಯನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ವಿಜ್ಞಾನ ಆ ಸಂಜೆ ಅಲ್ಲಿಗೆ ನಿಂತಿತು.

ಪ್ಯಾರಿಸ್‌ನಿಂದ ಧಾರವಾಡಕ್ಕೆ

ಚಹಾದ ನಡುವೆ ನಾನು ವಿ. ವಿ. ಕಾಮತರ ಕತೆ ತೆಗೆದೆ. ಇದು ನನ್ನ ಹಳೆಯ ಹುಚ್ಚು, ಓದುಗರು ಸಹಿಸಿಕೊಳ್ಳಬೇಕು.

1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್, ಓದಿನಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲು ಒಂದು ಪ್ರಶ್ನಾವಳಿ ಮಾಡಿದರು. ಅದು ಅಮೆರಿಕಕ್ಕೆ ಹೋಗಿ 1916ರಲ್ಲಿ ಸ್ಟ್ಯಾನ್‌ಫರ್ಡ್–ಬಿನೆ ಆಯಿತು. ಅದನ್ನು ಕಾಮತರು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗೆ ಹೊಂದಿಸಿ, 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನೋವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ನೆಲ ಧಾರವಾಡ. ಆಗ ಧಾರವಾಡ, ಸೊಲ್ಲಾಪುರ ಎರಡೂ ಮುಂಬಯಿ ಪ್ರಾಂತದ ಜಿಲ್ಲೆಗಳು; ಅಕ್ಕಲಕೋಟೆ ಪ್ರತ್ಯೇಕ ಸಂಸ್ಥಾನ. ರಾಜ್ಯಗಳ ಗಡಿ ಬೀಳುವುದಕ್ಕೆ ಎಷ್ಟೋ ಮೊದಲೇ ಒಬ್ಬ ಮನುಷ್ಯ ಎರಡೂ ಭಾಷೆಯ ಮಕ್ಕಳನ್ನು ಅವರವರ ಮಾತಿನಲ್ಲಿ ಕೇಳಿದ್ದ. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇವತ್ತಿಗೂ ನಮ್ಮ ಆಸ್ಪತ್ರೆಗಳ ಮನೋವಿಜ್ಞಾನ ವಿಭಾಗಗಳಲ್ಲಿ ಬಳಕೆಯಲ್ಲಿದೆ.

ಬುದ್ಧಿಗೆ ಅಂಕಿ ಹಚ್ಚುವುದರಲ್ಲಿ ನನಗೆ ನಂಬಿಕೆ ಕಡಿಮೆ. ಆದರೂ ಕಾಮತರ ಮೇಲೆ ಅಕ್ಕರೆ ಹೋಗಿಲ್ಲ. ಇಂಥ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಯಾವ ವಯಸ್ಸಿನದೆಂದು ತೀರ್ಮಾನವಾಗುವುದು ಆ ವಯಸ್ಸಿನ ಬಹುಪಾಲು ಮಕ್ಕಳು ಅದನ್ನು ಬಿಡಿಸಿದಾಗ. ಪ್ಯಾರಿಸ್ಸಿನ ಆರನೇ ವಯಸ್ಸಿನ ಪ್ರಶ್ನೆ ಧಾರವಾಡದಲ್ಲೂ ಆರರದೇ ಆಗಿರಬೇಕೆಂಬ ನಿಯಮವಿಲ್ಲ. ಅದನ್ನು ತಿಳಿಯಲು ಒಂದೊಂದು ಮಗುವಿನ ಎದುರೂ ಕೂರಲೇಬೇಕು.

ಇನ್ನೂ ಸ್ವಾರಸ್ಯದ ಸಂಗತಿ ಬೇರೆ ಇದೆ. 1920ರ ಸುಮಾರಿಗೆ ಅದೇ ಸಿಮೋನ್ ಇಪ್ಪತ್ತರ ಹರೆಯದ ಒಬ್ಬ ಸ್ವಿಸ್ ತರುಣನಿಗೆ, ಸಿರಿಲ್ ಬರ್ಟ್‌ನ ತರ್ಕ ಪರೀಕ್ಷೆಗಳನ್ನು ಪ್ಯಾರಿಸ್ಸಿನ ಮಕ್ಕಳಿಗೆ ಹೊಂದಿಸುವ ಕೆಲಸ ವಹಿಸಿದ. ತರುಣನಿಗೆ ಸರಿಯುತ್ತರ ಎಣಿಸುವುದು ಬೇಸರ ತರಿಸಿತು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ಏಕೆ ತಪ್ಪುತ್ತಾರೆ ಎಂಬುದರ ಬೆನ್ನು ಹತ್ತಿದ. ಅವನೇ ಜೀನ್ ಪಿಯಾಜೆ. ಅವನ ಹಂತಗಳೆಲ್ಲ ಹುಟ್ಟಿದ್ದು ಮಕ್ಕಳ ತಪ್ಪುಗಳ ಹತ್ತಿರ ಕೂತಿದ್ದರಿಂದ. ನಮ್ಮ ಗೈಡುಗಳಲ್ಲಿ ಹಂತಗಳು ಉಳಿದಿವೆ, ತಪ್ಪುಗಳು ಕಳೆದುಹೋಗಿವೆ.

ಮಹಾರಾಷ್ಟ್ರಕ್ಕಂತೂ ಮಗುವನ್ನು ಕಂಡು ಕಲಿಸುವ ಪರಂಪರೆ ಹೊಸದಲ್ಲ. ಗಿಜುಭಾಯಿ ಬಧೇಕಾ, ತಾರಾಬಾಯಿ ಮೋಡಕ್ 1926ರಲ್ಲಿ ನೂತನ ಬಾಲಶಿಕ್ಷಣ ಸಂಘ ಕಟ್ಟಿದರು. ತಾರಾಬಾಯಿ ಮತ್ತು ಅನುತಾಯಿ ವಾಘ್ ಬೋರ್ಡಿಯಲ್ಲಿ, ಆಮೇಲೆ ಕೋಸಬಾಡ್‌ನಲ್ಲಿ ಆದಿವಾಸಿ ಮಕ್ಕಳ ಅಂಗಳಕ್ಕೇ ಶಾಲೆ ಒಯ್ದರು. ಕರ್ನಾಟಕದಲ್ಲೂ ಅಂಥದೇ ಪ್ರಯತ್ನವಾದ ನಲಿ–ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತುವಂತೆ ಕಾರ್ಡುಗಳನ್ನು ಜೋಡಿಸಿತು.

ಯಾವ ಭಾಷೆಯಲ್ಲಿ ಕೇಳುವುದು

ಸಣ್ಣ ಮಕ್ಕಳಿಗೆ ಕಲಿಸಲು ಬೇರೆಯೇ ತಯಾರಿ ಬೇಕೆಂಬುದನ್ನು ಸುಪ್ರೀಂ ಕೋರ್ಟು 2023ರ ಆಗಸ್ಟಿನಲ್ಲೇ ಒಪ್ಪಿದೆ. ಬಿ.ಇಡಿ. ಪದವೀಧರರು ಪ್ರಾಥಮಿಕ ತರಗತಿಯ ಶಿಕ್ಷಕ ಹುದ್ದೆಗೆ ಅರ್ಹರಲ್ಲ ಎಂದಿತು. ಬಹಳ ಜನ ನೊಂದರು, ಆದರೆ ತೀರ್ಪಿನ ಹಿಂದಿನ ತಿಳಿವಳಿಕೆ ಸರಿ. ಆರು ವರ್ಷದ ಮಗುವಿಗೆ ಕೂಡುವ ಲೆಕ್ಕ ಕಲಿಸುವುದಕ್ಕೆ ಗಣಿತ ಬಂದರಷ್ಟೇ ಸಾಲದು.

ಗಡಿಯಲ್ಲಿ ಇದಕ್ಕೆ ಇನ್ನೊಂದು ತೊಡಕು. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ, ಕನ್ನಡವೂ ಅದರಲ್ಲಿದೆ. ಪುಸ್ತಕದ ಕನ್ನಡವೇ ಬೇರೆ, ಅಕ್ಕಲಕೋಟೆಯ ಮನೆಯ ಕನ್ನಡವೇ ಬೇರೆ. ಮರಾಠಿ, ತೆಲುಗು, ಹಿಂದಿ ಬೆರೆತ ಸೊಲ್ಲಾಪುರದ ಓಣಿಯ ಮಾತು ಇನ್ನೂ ಬೇರೆ. 2024ರಲ್ಲಿ ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದಾಗ ಎದ್ದ ಗಲಾಟೆಯನ್ನು ಪತ್ರಿಕೆಗಳು ಭಾಷಾಭಿಮಾನದ ಸುದ್ದಿಯಾಗಿ ಬರೆದವು. ನನಗೆ ಅದು ಬಾಲವಿಕಾಸದ ಸುದ್ದಿ. ‘ಬರೇ ಸುತ್ತೀರಿ’ ಎಂಬ ಮಾತು ಕಿವಿಗೆ ಬಿದ್ದರೂ ತಿಳಿಯದ ಶಿಕ್ಷಕ ಆ ಹುಡುಗಿಯನ್ನು ಯಾವ ಹಂತದಲ್ಲಿ ಕೂರಿಸಿಯಾನು?

ಇಷ್ಟೆಲ್ಲ ಹೇಳಿ ಟಿಇಟಿ ಬೇಡ ಎನ್ನುವವನು ನಾನಲ್ಲ. ಮಾಸ್ತರರೂ ಹಾಗನ್ನಲಿಲ್ಲ. ತರಗತಿಯಲ್ಲಿ ಇಷ್ಟು ವರ್ಷ ಕಂಡದ್ದಕ್ಕೆ ಶಾಸ್ತ್ರದಲ್ಲಿ ಹೆಸರಿದೆಯೆಂದು ತಿಳಿದು ಅವರಿಗೆ ಒಳಗೊಳಗೇ ಹಿಗ್ಗು. ಮಗಳಿಗೂ ಅಪ್ಪನ ಅನುಭವ ಮೊದಲ ಬಾರಿಗೆ ಅಭ್ಯಾಸದ ಸಾಮಗ್ರಿಯಾಗಿ ಕಂಡಿತ್ತು. ನನ್ನ ತಕರಾರು ಇಷ್ಟೇ: ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆ ಅಳೆಯುವುದು ಶಿಕ್ಷಕರ ನೆನಪನ್ನು, ಮಗುವಿನ ತಪ್ಪಿಗೆ ಕಿವಿಗೊಡುವ ಅವರ ಅಭ್ಯಾಸ ಅದರ ಅಳತೆಗೆ ಸಿಗುವುದಿಲ್ಲ.

ಬಾಲವಿಕಾಸದ 30 ಅಂಕಗಳಲ್ಲಿ ಹತ್ತನ್ನಾದರೂ ಒಂದು ಟಿಪ್ಪಣಿಗೆ ಮೀಸಲಿಡಲಿ. ಅಭ್ಯರ್ಥಿ ಒಂದು ಮಗುವಿನ ಎದುರು ಕೂತು, ಅದರ ಮನೆಮಾತಿನಲ್ಲಿ ಕೇಳಿ, ಅದು ಕೊಟ್ಟ ತಪ್ಪು ಉತ್ತರವನ್ನೂ ಅದಕ್ಕೆ ಕೊಟ್ಟ ಕಾರಣವನ್ನೂ ಹಾಗೇ ಬರೆದು ತರಲಿ. ಲಕ್ಷಾಂತರ ಜನರಿಗೆ ಇದನ್ನು ಮಾಡಿಸುವುದು ಕಷ್ಟ ಎಂದು ಅಧಿಕಾರಿಗಳು ಹೇಳುವುದು ಗ್ಯಾರಂಟಿ. ಅವರಿಗೆ 1934ರ ಲೇಖನದ ಒಂದು ಪ್ರತಿ ಕಳಿಸಬಹುದು: ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕಾಮತರು ಎರಡು ಭಾಷೆಗಳಲ್ಲಿ ಮಕ್ಕಳನ್ನು ಕೇಳಿ ಮುಗಿಸಿದ್ದರು.