ಬಾಲೂ ತಮ್ಮ: ಶೀರ್ಷಿಕೆಯ ಅಕ್ಷರಶೈಲಿಯೂ ತರಗತಿಯಲ್ಲಿ ಅದರ ಬಳಕೆಯೂ

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಕುಟುಂಬಗಳು ಅನೇಕ. ಸಿರುಮುಗೈ ಪರಿಸರದ ದೇವಾಂಗ ನೇಕಾರರು ಇದಕ್ಕೆ ನಿದರ್ಶನ. ಆದರೆ ಇಂತಹ ಮನೆಯ ಮಗು ಬೀದಿಗೆ ಕಾಲಿಟ್ಟೊಡನೆ ಅದರ ಕಣ್ಣಿಗೆ ಬೀಳುವುದು ತಮಿಳು ಅಥವಾ ಇಂಗ್ಲಿಷ್ ಅಕ್ಷರ. ಬಸ್ಸಿನ ಫಲಕ, ಅಂಗಡಿಯ ಹೆಸರು, ಗೋಡೆಯ ಜಾಹೀರಾತು, ತಿರುಪ್ಪೂರಿನ ಬನಿಯನ್ನುಗಳ ಮೇಲಿನ ಅಚ್ಚು, ಇವೆಲ್ಲವೂ ಆ ಎರಡು ಲಿಪಿಗಳನ್ನು ನಾನಾ ವೇಷಗಳಲ್ಲಿ ತೋರಿಸುತ್ತವೆ. ಕನ್ನಡ ಅಕ್ಷರವಾದರೋ ಪಠ್ಯಪುಸ್ತಕದ ಒಂದೇ ಉಡುಪಿನಲ್ಲಿ ಎದುರಾಗುತ್ತದೆ. ಕನ್ನಡವೆಂದರೆ ಪರೀಕ್ಷೆಯ ಲಿಪಿ ಎಂಬ ಭಾವನೆ ಮಗುವಿನಲ್ಲಿ ಬೇರೂರಿದರೆ ಅಚ್ಚರಿಯಿಲ್ಲ. ಗೋಡೆಪತ್ರಿಕೆಗೂ ನಾಟಕದ ಭಿತ್ತಿಪತ್ರಕ್ಕೂ ವಿನೋದಶೈಲಿಯ ಅಕ್ಷರಗಳನ್ನು ಬಳಸುವ ಪ್ರಶ್ನೆ ಈ ಹಿನ್ನೆಲೆಯಲ್ಲಿ ಕೇವಲ ಅಲಂಕಾರದ ಪ್ರಶ್ನೆಯಲ್ಲ.

ಮುಂಬಯಿಯ ಏಕ್ ಟೈಪ್ ಸಂಸ್ಥೆ ರೂಪಿಸಿದ ಬಾಲೂ ಅಕ್ಷರಕುಟುಂಬವು ಭಾರತದ ಹಲವು ಲಿಪಿಗಳಿಗೆ ಬೇರೆಬೇರೆ ಹೆಸರುಗಳಿಂದ ಬಂದಿದೆ. ಕನ್ನಡದ ರೂಪಕ್ಕೆ ಬಾಲೂ ತಮ್ಮ, ತಮಿಳಿನ ರೂಪಕ್ಕೆ ಬಾಲೂ ತಂಬಿ, ಮಲಯಾಳಕ್ಕೆ ಬಾಲೂ ಚೇಟ್ಟನ್, ತೆಲುಗಿಗೆ ಬಾಲೂ ತಮ್ಮುಡು ಎಂದು ಹೆಸರು. ದಪ್ಪ ರೇಖೆ, ದುಂಡಗಿನ ತಿರುವು, ಕರಡಿಮರಿಯಂತಹ ಮೈಕಟ್ಟು ಇದರ ಲಕ್ಷಣ. ಬಾಲೂ 2 ಎಂಬ ಪರಿಷ್ಕೃತ ಆವೃತ್ತಿಯಲ್ಲಿ ಸಾಧಾರಣದಿಂದ ಅತಿದಪ್ಪದವರೆಗೆ 5 ಸ್ಥೂಲತೆಗಳಿವೆ. ಮುಕ್ತ ಪರವಾನಗಿಯಲ್ಲಿ ದೊರೆಯುವುದರಿಂದ ಶಾಲೆಗೆ ಖರ್ಚಿಲ್ಲ. ಕೈಬರೆಹದ ಛಾಯೆ ಬೇಕೆನ್ನುವವರಿಗೆ ನವಿಲು ಎಂಬ ಮತ್ತೊಂದು ಮುಕ್ತ ಫಾಂಟ್ ಇದೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ಅಕಾಯ ಕನಡಕವೂ ಇದೆ. ಆದರೆ ಈ ಜಿಲ್ಲೆಗಳ ಶಿಕ್ಷಕರಿಗೆ ಅಣ್ಣತಮ್ಮಂದಿರಂತಿರುವ ತಮ್ಮ ಮತ್ತು ತಂಬಿಯ ಜೋಡಿಯೇ ಹೆಚ್ಚು ಪ್ರಯೋಜನಕರ. ದ್ವಿಭಾಷಾ ಫಲಕದಲ್ಲಿ ತಮಿಳು ದಪ್ಪನಾಗಿ ಮೆರೆದು, ಕನ್ನಡ ಬಡಕಲಾಗಿ ಮೂಲೆಯಲ್ಲಿ ನಿಂತರೆ ಮಗು ಅದನ್ನೂ ಓದಿಕೊಳ್ಳುತ್ತದೆ. ಒಂದೇ ಕುಟುಂಬದ ಎರಡು ರೂಪಗಳನ್ನು ಬಳಸಿದಾಗ ಎರಡು ಲಿಪಿಗಳೂ ಸಮಾನ ತೂಕದಿಂದ ಕಾಣುತ್ತವೆ.

ಇಷ್ಟಾದರೂ ಇದು ಶೀರ್ಷಿಕೆಯ ಅಕ್ಷರ, ಪಾಠದ ಅಕ್ಷರವಲ್ಲ. ಕಾರಣವನ್ನು ಕನ್ನಡ ಲಿಪಿಯ ಸ್ವಭಾವದಲ್ಲಿಯೇ ಹುಡುಕಬೇಕು. ತಮಿಳಿನಲ್ಲಿ ತ, ಥ, ದ, ಧ ಈ ನಾಲ್ಕಕ್ಕೂ ಒಂದೇ ಅಕ್ಷರ. ತಮಿಳನ್ನೂ ಜೊತೆಯಲ್ಲಿ ಕಲಿಯುವ ಮಗುವಿಗೆ ‘ದನ’ ಮತ್ತು ‘ಧನ’ಗಳ ಭೇದ ತಿಳಿಯುವುದು ಕನ್ನಡದ ಅಕ್ಷರರೂಪದಿಂದ ಮಾತ್ರ. ಆ ಭೇದವಾದರೂ ಎಷ್ಟು? ಅಕ್ಷರದ ಅಡಿಯ ಒಂದು ಸಣ್ಣ ಸೀಳು. ಡ ಮತ್ತು ಢ, ಬ ಮತ್ತು ಭ, ಪ ಮತ್ತು ಫ ಇವೂ ಹಾಗೆಯೇ. ರೇಖೆ ದಪ್ಪವಾಗಿ ಗಾತ್ರ ಕಿರಿದಾದರೆ ಮೊದಲು ಮರೆಯಾಗುವುದು ಈ ಸೀಳೇ. ‘ನಿ’ ಅಕ್ಷರದ ಗುಡಿಸಿನೊಳಗಿನ ಕಿಂಡಿಯೂ ಮುಚ್ಚಿಕೊಳ್ಳುತ್ತದೆ. ಆಗ ಅದನ್ನು ‘ನೆ’ಯಿಂದ ಬೇರ್ಪಡಿಸಲು ಹಿರಿಯರೇ ತಡವರಿಸುತ್ತಾರೆ.

ಒತ್ತಕ್ಷರದ ವಿಷಯ ಇನ್ನೂ ಸೂಕ್ಷ್ಮ. ತಮಿಳು ಅಕ್ಷರದ ಮೇಲೆ ಪುಳ್ಳಿಯನ್ನಿಟ್ಟು ಮುಂದಿನ ಅಕ್ಷರವನ್ನು ಪಕ್ಕದಲ್ಲಿಯೇ ಬರೆಯುತ್ತದೆ. ಕನ್ನಡ ಅದನ್ನು ಕೆಳಗಿಳಿಸುತ್ತದೆ. ಪಕ್ಕಕ್ಕೆ ಓದಲು ಅಭ್ಯಾಸವಾದ ಕಣ್ಣು ಕೆಳಕ್ಕೆ ಇಳಿಯುವುದನ್ನು ಕಲಿಯಬೇಕಾದ ಹಂತದಲ್ಲಿ, ಸಾಲುಗಳನ್ನು ಒತ್ತಾಗಿ ಜೋಡಿಸಿದ ಫಲಕವೊಂದರಲ್ಲಿ ‘ರಾಷ್ಟ್ರ’ದ ಬಾಲ ಕೆಳಸಾಲಿಗೆ ತಾಗಿದರೆ ಕಲಿಕೆಗೆ ಅಡ್ಡಿಯಾಗುವುದು ಸಹಜ. ಆದ್ದರಿಂದ ಯಾವುದೇ ವಿನೋದಶೈಲಿಯನ್ನು ಆರಿಸುವ ಮುನ್ನ ‘ರಾಷ್ಟ್ರ’, ‘ಸ್ತ್ರೀ’, ‘ವಿಜ್ಞಾನ’, ‘ಸೂರ್ಯ’, ‘ಧನ’ ಮುಂತಾದ ಪದಗಳನ್ನು ಅದರಲ್ಲಿ ಮುದ್ರಿಸಿ, ಕೊನೆಯ ಬೆಂಚಿನಿಂದ ಮಕ್ಕಳಿಂದಲೇ ಓದಿಸಿ ನೋಡುವುದು ಒಳ್ಳೆಯದು. ಶಿಕ್ಷಕರು ತಾವೇ ಓದಿ ನೋಡಿದರೆ ಸಾಲದು. ಪದವನ್ನು ಬಲ್ಲವರ ಕಣ್ಣು ಕಾಣದಿರುವುದನ್ನೂ ಊಹಿಸಿಕೊಳ್ಳುತ್ತದೆ.

ತಾಂತ್ರಿಕವಾದ ಒಂದು ಮಾತು. ಹಳೆಯ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಅಚ್ಚಿನಲ್ಲಿ ಬೆರಳಚ್ಚಿಸಿದ ಪಠ್ಯಕ್ಕೆ ಬಾಲೂ ತಮ್ಮವನ್ನು ಹಚ್ಚಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಮೂಡುತ್ತದೆ. ಫಾಂಟಿನಲ್ಲಿ ದೋಷವಿಲ್ಲ, ಪಠ್ಯವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಕನ್ನಡ ತಿಳಿಯದ ಮುದ್ರಣಾಲಯಕ್ಕೆ ಕೊಡುವಾಗ ಪಿಡಿಎಫ್ ರೂಪದಲ್ಲಿ ಕೊಡುವುದು ಕ್ಷೇಮಕರ. ಇಲ್ಲವಾದರೆ ಒತ್ತುಗಳು ಚದುರಿದ ಫ್ಲೆಕ್ಸನ್ನು ವರ್ಷಪೂರ್ತಿ ನೋಡಬೇಕಾದೀತು.

ಈ ಶೈಲಿಯ ಅತ್ಯುತ್ತಮ ಬಳಕೆ ಬಹುಶಃ ಫಲಕಕ್ಕಿಂತ ಪಾಠದಲ್ಲಿಯೇ ಇದೆ. ನಾಲ್ಕು ಅಥವಾ ಐದನೆಯ ತರಗತಿಯಲ್ಲಿ ‘ಧ’ ಅಕ್ಷರವನ್ನು ಪಠ್ಯಪುಸ್ತಕದ ಅಚ್ಚಿನಲ್ಲಿ, ಬಾಲೂ ತಮ್ಮದಲ್ಲಿ, ನವಿಲಿನಲ್ಲಿ ಹಾಗೂ ಶಿಕ್ಷಕರ ಕೈಬರೆಹದಲ್ಲಿ ದೊಡ್ಡದಾಗಿ ತೋರಿಸಿ, ನಾಲ್ಕರಲ್ಲಿಯೂ ಬದಲಾಗದೆ ಉಳಿದದ್ದೇನು ಎಂದು ಕೇಳಬಹುದು. ತಲೆಕಟ್ಟು ಬಾಗಿದರೂ, ಹೊಟ್ಟೆ ಉಬ್ಬಿದರೂ ಅದು ‘ಧ’ವೇ, ಅಡಿಯ ಸೀಳು ಹೋದರೆ ಮಾತ್ರ ‘ದ’ವಾಗುತ್ತದೆ. ಮಕ್ಕಳು ಇದನ್ನು ತಾವೇ ಕಂಡುಕೊಂಡ ಬಳಿಕ ತಮ್ಮ ಹೆಸರಿನ ಅಕ್ಷರಗಳನ್ನು ಇಷ್ಟಬಂದಂತೆ ಉಬ್ಬಿಸಿ, ಬಾಗಿಸಿ ಬರೆಯಲಿ. ಬರೆದದ್ದನ್ನು ಪಕ್ಕದವರು ಓದಬೇಕೆಂಬುದೊಂದೇ ನಿಯಮ. ಓದಲಾಗದಿದ್ದರೆ ಯಾವ ಗೆರೆ ತಪ್ಪಿತೆಂದು ಇಬ್ಬರೂ ಕೂಡಿ ಹುಡುಕುತ್ತಾರೆ.