ಕಾಡಿಗೆ ಬೆರೆತ ರಬ್ಬರು ಮತ್ತು ಬೇಸಗೆಯ ಬಿಸಿ

ತುರ್ವಿಹಾಳದ ಸೀಮೆ ತುಂಗಭದ್ರೆಯ ಎಡದಂಡೆ ನಾಲೆಯಿಂದ ಭತ್ತದ ನಾಡಾಯಿತು. ಸಿಂಧನೂರು ಅಕ್ಕಿ ಗಿರಣಿಗಳ ಊರಾಯಿತು. ಗಿರಣಿಯಲ್ಲಿ ಭತ್ತವನ್ನು ಮೇಲಕ್ಕೆತ್ತುವ ಎಲಿವೇಟರಿನ ಬೆಲ್ಟು ಗಾಲಿಗೆ ಉಜ್ಜುತ್ತ ವಿದ್ಯುತ್ತನ್ನು ತನ್ನ ಮೈಮೇಲೆ ಕೂಡಿಹಾಕಿಕೊಳ್ಳುತ್ತದೆ. ಸುತ್ತಲೂ ಒಣಧೂಳು ದಟ್ಟವಾಗಿ ಹಾರುತ್ತಿರುವಾಗ ಒಂದು ಕಿಡಿ ಸಿಡಿದರೆ ಧೂಳೇ ಹೊತ್ತಿ ಸ್ಫೋಟವಾಗಬಹುದು. ಕೂಡಿದ ವಿದ್ಯುತ್ತು ಸದ್ದಿಲ್ಲದೆ ನೆಲಕ್ಕಿಳಿದುಹೋಗಲೆಂದು ಇಂಥ ಬೆಲ್ಟಿನ ರಬ್ಬರಿಗೆ ಇಂಗಾಲದ ಮಸಿಯನ್ನು ಬೆರೆಸುತ್ತಾರೆ. ನಮ್ಮ ತಾಯಂದಿರು ದೀಪದ ಕುಡಿಯಿಂದ ಹಿಡಿಯುತ್ತಿದ್ದ ಕಾಡಿಗೆಯ ಜಾತಿಯದೇ ಈ ಮಸಿ.

ಬರಿಯ ರಬ್ಬರು ವಿದ್ಯುತ್ತಿಗೆ ಕದವಿಕ್ಕಿದ ಮನೆ. ಅದಕ್ಕೆ ಮಸಿಯನ್ನು ತುಸುತುಸುವೇ ಬೆರೆಸುತ್ತ ಹೋದರೆ ಮೊದಮೊದಲು ಹೆಚ್ಚೇನೂ ಆಗದು. ಒಂದು ಮಿತಿ ತಲುಪಿದೊಡನೆ ಅದರ ವಾಹಕತೆ ಥಟ್ಟನೆ ಏರುತ್ತದೆ. ಮಸಿ ಹೇರಳವಾದಾಗ ಸಾವಿರ ಕೋಟಿ ಪಟ್ಟಿಗೂ ಮಿಕ್ಕೀತು. ಹಳ್ಳ ದಾಟಲು ಹಾಕಿದ ಕಲ್ಲುಗಳನ್ನು ನೆನೆಯಿರಿ. ಕಲ್ಲುಗಳು ಒಂದು ಹೆಜ್ಜೆಯ ಅಳತೆಗೆ ಬರುವ ತನಕ ದಾರಿಯಿಲ್ಲ. ಬಂದಮೇಲೆ ಈ ದಡದಿಂದ ಆ ದಡಕ್ಕೆ ನಡೆದೇ ಹೋಗಬಹುದು. ಮಸಿಯ ಕಣಗಳೇ ಆ ಕಲ್ಲುಗಳು.

ಇನ್ನು ಬಿಸಿಯ ಮಾತು. ತಾಮ್ರದ ತಂತಿ ಕಾದರೆ ಪ್ರತಿ ಡಿಗ್ರಿಗೆ ಅದರ ರೋಧ ಶೇಕಡಾ 0.4ರಷ್ಟು ಏರುತ್ತದೆ. ಮಸಿಯ ಇಂಗಾಲವಾದರೋ ಕಾದಷ್ಟೂ ಸುಲಭವಾಗಿ ವಿದ್ಯುತ್ತನ್ನು ಹರಿಯಗೊಡುತ್ತದೆ. ಹಾಗಿದ್ದೂ ಅದೇ ಇಂಗಾಲ ರಬ್ಬರಿನಲ್ಲಿ ಬೆರೆತಾಗ ರೋಧ ಹಲವು ವೇಳೆ ಏರುವುದೇಕೆ? ಕಾದ ರಬ್ಬರು ಇಂಗಾಲಕ್ಕಿಂತ ಎಷ್ಟೋ ಪಾಲು ಹೆಚ್ಚು ಹಿಗ್ಗುತ್ತದೆ. ಹಳ್ಳ ಅಗಲವಾಗುತ್ತದೆ, ಕಲ್ಲುಗಳು ಅಷ್ಟೇ ಉಳಿಯುತ್ತವೆ. ನಡುವಣ ಅಂತರ ಹೆಜ್ಜೆಯನ್ನು ಮೀರುತ್ತದೆ. ಇದಕ್ಕೆ ಎದುರಾದ ಪ್ರವೃತ್ತಿಯೂ ಉಂಟು: ಬಿಸಿ ಎಲೆಕ್ಟ್ರಾನುಗಳಿಗೆ ಕಣದಿಂದ ಕಣಕ್ಕೆ ನೆಗೆಯುವ ಬಲವನ್ನೂ ಕೊಡುತ್ತದೆ. ಎರಡರಲ್ಲಿ ಯಾವುದು ಗೆದ್ದೀತೆಂಬುದು ಮಸಿಯ ಪ್ರಮಾಣ, ಕಣಗಳ ಗಾತ್ರ, ರಬ್ಬರಿನ ಜಾತಿ ಇವುಗಳನ್ನು ಅವಲಂಬಿಸಿದೆ. ಮಸಿ ಮಿತಿಯ ಅಂಚಿನಲ್ಲಿದ್ದರೆ ಹಿಗ್ಗುವಿಕೆಯ ಪ್ರಭಾವ ಪ್ರಬಲ. ಹೇರಳವಾಗಿದ್ದರೆ ಒಂದು ದಾರಿ ಕಡಿದರೂ ಹತ್ತು ದಾರಿಗಳಿರುತ್ತವೆ.

ರಬ್ಬರಿನ ದಾಯಾದಿಯಾದ ಪಾಲಿಥೀನಿಗೆ ಮಸಿ ಬೆರೆಸಿದಾಗ ಈ ಗುಣ ಇನ್ನೂ ಎದ್ದು ಕಾಣುತ್ತದೆ. ಅದರ ಹರಳುಗಳು ಕರಗುವ ಹೊತ್ತಿಗೆ ರೋಧ ಸಾವಿರಾರು ಪಟ್ಟು ಜಿಗಿಯುತ್ತದೆ. ವಿದ್ಯುತ್ತು ಮಿತಿಮೀರಿದಾಗ ತಾನೇ ಕಾದು ತಡೆದು, ಆರಿದಮೇಲೆ ತಾನೇ ಮತ್ತೆ ಹರಿಯಗೊಡುವ ಫ್ಯೂಸುಗಳು ಇದರಿಂದಲೇ ಆದವು.

ಕನ್ನಡ ಪಾಠ ಹೇಳುತ್ತಲೇ ಆಯುಷ್ಯ ಸವೆಸಿದ ನನಗೆ ಇಲ್ಲಿ ಅನ್ವಯದ ನೆನಪಾಗುತ್ತದೆ. ವಾಕ್ಯದಲ್ಲಿ ಪದಗಳೆಲ್ಲ ಇದ್ದರೂ ಅನ್ವಯ ಕಡಿದರೆ ಅರ್ಥ ಹರಿಯದು. ಬೆಲ್ಟಿನಲ್ಲೂ ಮಸಿ ಇದ್ದಷ್ಟೇ ಇರುತ್ತದೆ. ಕಣಗಳ ಸಂಬಂಧ ಸಡಿಲಿರುತ್ತದೆ, ಅಷ್ಟೆ. ಮತ್ತೆ ಮತ್ತೆ ಕಾದು ಆರಿದ ರಬ್ಬರಿನಲ್ಲಿ ಕಣಗಳು ಮೊದಲಿದ್ದ ಜಾಗಕ್ಕೇ ಮರಳುವುದೂ ಇಲ್ಲ. ಆದುದರಿಂದ ಬೆಲ್ಟು ಕಪ್ಪಗಿದೆ ಎಂಬುದೊಂದೇ ಅಭಯವಲ್ಲ. ತಂಪು ಮುಂಜಾನೆಯ ಪರೀಕ್ಷೆಯೂ ಸಾಲದು. ನಮ್ಮ ರಾಯಚೂರು ಸೀಮೆಯ ಬೇಸಗೆಯಲ್ಲಿ, ಯಂತ್ರ ದುಡಿದು ಕಾದಿರುವಾಗಲೂ ಅದನ್ನು ಅಳೆದು ನೋಡುವುದು ಲೇಸು. ಧೂಳಿನ ನಡುವೆ ನಿಂತು ದುಡಿಯುವವರ ಜೀವ ಆ ಕಾಣದ ಕಲ್ಲುದಾರಿಯನ್ನು ನೆಚ್ಚಿಕೊಂಡಿದೆ.