ತಂಬೂರಿ ಪೆಟ್ಟಿಗೆ ಸೇರಿದ ಬಗೆ

ಮನೆಯ ಮೂಲೆಯಲ್ಲಿ ಒಂದು ಕಂಪ್ಯೂಟರ್, ಒಂದು ಜೊತೆ ಹೆಡ್‌ಫೋನ್ ಇಟ್ಟುಕೊಂಡು ಬಿಡುವಿನ ವೇಳೆಯಲ್ಲಿ ಸಂಗೀತ ಕಟ್ಟುವ ಹವ್ಯಾಸಿಗಳು ತಮ್ಮ ಕಲೆಯ ಪೂರ್ವಜರನ್ನು ಸಾಮಾನ್ಯವಾಗಿ ಅಮೆರಿಕ, ಜರ್ಮನಿ, ಜಪಾನುಗಳಲ್ಲಿ ಹುಡುಕುತ್ತಾರೆ. ವಿದ್ಯುತ್ತಿನಿಂದಲೇ ನಾದ ಹುಟ್ಟಿಸುವ ಸಿಂಥಸೈಜರ್ ಎಂಬ ವಾದ್ಯ ಬೆಳೆದದ್ದು ಆ ದೇಶಗಳಲ್ಲೇ ಆದ್ದರಿಂದ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕನ್ನಡ ನಾಡಿನ ಮನೆಗಳೊಳಗೆ ಎಲೆಕ್ಟ್ರಾನಿಕ್ ನಾದ ಗೌರವದ ಅತಿಥಿಯಾಗಿ ಬಂದು ನೆಲೆಸಿದ್ದು ಡಿಸ್ಕೋಗಳ ಗದ್ದಲದ ಮೂಲಕವಲ್ಲ, ಸಂಗೀತಪಾಠದ ಚಾಪೆಯ ಮೇಲೆ ಕುಳಿತ ಒಂದು ಸಣ್ಣ ಪೆಟ್ಟಿಗೆಯ ಮೂಲಕ. ಆ ಪೆಟ್ಟಿಗೆ ಹಾಡುತ್ತಿರಲಿಲ್ಲ, ತಾಳ ಹಾಕುತ್ತಿರಲಿಲ್ಲ. ಸ-ಪ-ಸ ಎಂಬ ಆಧಾರಸ್ವರಗಳನ್ನು ಬೇಸರವಿಲ್ಲದೆ ನುಡಿಯುತ್ತಿತ್ತು, ಅಷ್ಟೇ. ಅದರ ಹೆಸರು ಎಲೆಕ್ಟ್ರಾನಿಕ್ ತಂಬೂರಿ, ಅದು ಹುಟ್ಟಿದ ಊರು ಬೆಂಗಳೂರು.

ಈ ಕಥೆಯ ಹಿಂದಿನ ಅಧ್ಯಾಯ ತುಮಕೂರು ಸೀಮೆಯಲ್ಲಿದೆ. ತುಮಕೂರು ಎಂಬ ಹೆಸರು ತುಂಬೆ ಹೂವಿನಿಂದ ಬಂತೆಂದು ಕೆಲವರು, ತಮಟೆಯಿಂದ ಬಂತೆಂದು ಇನ್ನು ಕೆಲವರು ಹೇಳುತ್ತಾರೆ. ಎರಡನೆಯ ಮಾತು ನಿಜವಾಗಿರಲಿ, ಬಿಡಲಿ, ಸದ್ದಿಗೂ ಈ ಜಿಲ್ಲೆಗೂ ಇರುವ ನಂಟು ಹಳೆಯದು. ನಗರದ ಅಂಚಿನ ಸತ್ಯಮಂಗಲದಲ್ಲಿ ಇಂದು ಕೈಗಾರಿಕಾ ಪ್ರದೇಶದ ಯಂತ್ರಗಳು ಸದ್ದು ಮಾಡುತ್ತವೆ. ಅಲ್ಲಿಂದ ಪಶ್ಚಿಮಕ್ಕೆ, ಒಂದು ಗಂಟೆಯೂ ಹಿಡಿಯದ ದಾರಿಯ ಗುಬ್ಬಿಯಲ್ಲಿ 1884ರಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಅದು ನಾಡಿನ ಮನೆಮಾತಾದದ್ದು ಎಲ್ಲರೂ ಬಲ್ಲ ಸಂಗತಿ. ಕಂಪನಿ ನಾಟಕಗಳ ನಟರ ಕೀರ್ತಿ ದಾಖಲೆಗಳಲ್ಲಿ ಉಳಿದಷ್ಟು, ರಂಗದ ಪಕ್ಕದಲ್ಲಿ ಕುಳಿತು ಇಡೀ ನಾಟಕದ ಉಸಿರನ್ನು ಹಿಡಿದಿಡುತ್ತಿದ್ದ ಹಾರ್ಮೋನಿಯಂ ಮೇಷ್ಟ್ರ ಕೆಲಸ ಉಳಿದಿಲ್ಲ. ನಟನಿಗೆ ಶ್ರುತಿ ಕೊಡುವುದು, ಪದ್ಯದ ಎತ್ತುಗಡೆ ತೋರಿಸುವುದು, ದೃಶ್ಯ ಬದಲಾಗುವಾಗ ಬರಿದಾದ ಕ್ಷಣಗಳನ್ನು ಸ್ವರದಿಂದ ತುಂಬುವುದು, ಇವೆಲ್ಲ ಅವರ ಪಾಲಿಗೆ ಸೇರಿದ್ದವು. ಇಂದಿಗೂ ಈ ಜಿಲ್ಲೆಯ ಹಳ್ಳಿಗಳಲ್ಲಿ ರೈತರೂ ಅಂಗಡಿಯವರೂ ಸೇರಿ ‘ಕುರುಕ್ಷೇತ್ರ’ ಆಡುವಾಗ, ತಿಂಗಳುಗಟ್ಟಲೆ ಅವರಿಂದ ಪದ್ಯ ಹೇಳಿಸಿ ತಿದ್ದುವವರು ಹಾರ್ಮೋನಿಯಂ ಮೇಷ್ಟ್ರೇ.

ಹಾರ್ಮೋನಿಯಂ ಯೂರೋಪಿನಿಂದ ಬಂದ ವಾದ್ಯ. ತಿದಿಯಿಂದ ಒತ್ತಿದ ಗಾಳಿ ಲೋಹದ ನಾಲಗೆಗಳನ್ನು ಕಂಪಿಸುವುದರಿಂದ ಅದರಲ್ಲಿ ಸ್ವರ ಹುಟ್ಟುತ್ತದೆ. ಸ್ವರದ ಮನೆಗಳನ್ನು ತೆಗೆದುಹಾಕಿ, ಆಧಾರಸ್ವರಗಳಿಗೆ ಬೇಕಾದ ನಾಲಗೆಗಳನ್ನಷ್ಟೇ ಉಳಿಸಿಕೊಂಡ ಅದರ ಬಡ ಬಂಧುವೇ ಶ್ರುತಿಪೆಟ್ಟಿಗೆ. ಹಾರ್ಮೋನಿಯಮ್ಮಿನ ಮೇಲೆ ವಿದ್ವಾಂಸರಿಗಿದ್ದ ಸಿಟ್ಟು ಅದರ ಹೊರದೇಶದ ಹುಟ್ಟಿಗಿಂತ ಹೆಚ್ಚಾಗಿ ಅದರ ಲೆಕ್ಕಾಚಾರಕ್ಕೆ ಸಂಬಂಧಿಸಿದ್ದು. ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿ ಸ್ವರಗಳನ್ನು ಕೂರಿಸುವ ಪದ್ಧತಿಯಲ್ಲಿ ಪಂಚಮ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತದೆ, ಆದರೆ ಅಂತರ ಗಾಂಧಾರ ತಂಬೂರಿಯೊಳಗಿಂದ ತಾನಾಗಿ ಕೇಳಿಸುವ ಗಾಂಧಾರಕ್ಕಿಂತ ಏರಿ ನಿಲ್ಲುತ್ತದೆ. ಒಮ್ಮೆ ಕೂರಿಸಿದ ಸ್ವರವನ್ನು ಗಮಕಕ್ಕಾಗಿ ಓಲಾಡಿಸುವುದಂತೂ ಆಗದ ಮಾತು. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಮ್ಮನ್ನು ಬಾನುಲಿಯಿಂದ ಹೊರಹಾಕಿತು. ಆಗ ಅದರ ಮುಖ್ಯಸ್ಥರಾಗಿದ್ದ ಲಿಯೊನೆಲ್ ಫೀಲ್ಡನ್, ಅವರ ಜೊತೆ ದುಡಿದಿದ್ದ ಸಂಗೀತಜ್ಞ ಜಾನ್ ಫೌಲ್ಡ್ಸ್ ಇಬ್ಬರೂ ಇಂಗ್ಲಿಷರು; ರವೀಂದ್ರನಾಥ ಟಾಗೋರರಿಗೂ ಈ ವಾದ್ಯ ಹಿಡಿಸುತ್ತಿರಲಿಲ್ಲ. ಭಾರತೀಯ ಶ್ರುತಿಯ ಶುದ್ಧಿ ಕಾಯಲು ಇಂಗ್ಲಿಷರು ಮುಂದಾದ ಈ ವಿಚಿತ್ರ ನಿಷೇಧ 1971ರವರೆಗೆ ನಡೆಯಿತು. ಆ ಮೂರು ದಶಕಗಳ ಕಾಲ ನಾಟಕದ ಹಳ್ಳಿಗಳಲ್ಲಿ ಹಾರ್ಮೋನಿಯಂ ಯಾರ ಅಪ್ಪಣೆಯನ್ನೂ ಕೇಳದೆ ಮೊಳಗುತ್ತಲೇ ಇತ್ತು.

ಬಾನುಲಿಯ ವಿಷಯ ಬಂದದ್ದರಿಂದ, ಎಲೆಕ್ಟ್ರಾನಿಕ್ ಹವ್ಯಾಸ ಕನ್ನಡಿಗರಿಗೆ ಹೊಸದಲ್ಲ ಎಂಬುದನ್ನೂ ಇಲ್ಲೇ ನೆನೆಯಬೇಕು. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಒಂದು ಪುಟ್ಟ ಪ್ರಸಾರಕೇಂದ್ರ ನಡೆಸಿದರು, ಅದಕ್ಕೆ ನಾ. ಕಸ್ತೂರಿಯವರು ಸೂಚಿಸಿದರೆನ್ನಲಾದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ಬಾನುಲಿಯ ಹೆಸರಾಯಿತು. ತಂಬೂರಿಯ ಪೆಟ್ಟಿಗೆಯ ಹಿಂದೆ ಇದ್ದದ್ದೂ ಇಂಥದೇ ಒಬ್ಬರ ಸ್ವಂತ ಅಗತ್ಯ.

ಅದಕ್ಕೆ ಮುನ್ನ ತಂಬೂರಿಯನ್ನೇ ಒಮ್ಮೆ ಬಿಚ್ಚಿ ನೋಡಬೇಕು. ದಕ್ಷಿಣದ ತಂಬೂರಿಯ ಬುರುಡೆ ಹಲಸಿನ ಮರದ್ದು, ಮೀರಜಿನ ಕಡೆಯದ್ದು ಒಣಗಿಸಿದ ಕುಂಬಳದ್ದು. ನಾಲ್ಕು ತಂತಿಗಳಲ್ಲಿ ಮೊದಲನೆಯದು ಮಂದ್ರ ಪಂಚಮ, ನಡುವಿನ ಎರಡು ಷಡ್ಜ, ಕೊನೆಯದು ಮಂದ್ರ ಷಡ್ಜ. ಒಂದು ಮನೆ ಶ್ರುತಿಗೆ ಕೂಡಿಸಿದ ತಂಬೂರಿಯಲ್ಲಿ ನಡುವಿನ ತಂತಿಗಳು ಸೆಕೆಂಡಿಗೆ ಸುಮಾರು 130 ಬಾರಿ ಕಂಪಿಸಿದರೆ ಮಂದ್ರ ಪಂಚಮ 97.5, ಮಂದ್ರ ಷಡ್ಜ 65 ಬಾರಿ ಕಂಪಿಸುತ್ತವೆ. ತಂತಿ ಹಾಯುವ ಅಗಲವಾದ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ, ಒಂದು ಎಳೆ ದಾರ ಇಡುತ್ತಾರೆ. ಅದನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿದಾಗ ಸತ್ತಂತಿದ್ದ ನಾದ ಒಮ್ಮೆಲೇ ಅರಳಿ ಝೇಂಕರಿಸುತ್ತದೆ. ಆ ದಾರಕ್ಕೆ ಜೀವವೆಂದೇ ಹೆಸರು ಬಂದದ್ದು ಇದರಿಂದ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು, ಅಂದರೆ ಮೂಲ ಕಂಪನದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಸೂಕ್ಷ್ಮ ಸ್ವರಗಳು, ಕೇಳಿಸಬಾರದೆಂಬುದು ಭೌತವಿಜ್ಞಾನದ ಒಂದು ಹಳೆಯ ನಿಯಮ. ತಂಬೂರಿ, ವೀಣೆಗಳ ಕುದುರೆ ಈ ನಿಯಮವನ್ನು ಮೀರುತ್ತದೆಂದು 1921ರಲ್ಲಿ ತೋರಿಸಿದವರು ಮುಂದೆ ಬೆಂಗಳೂರಿನವರೇ ಆದ ಸಿ.ವಿ. ರಾಮನ್. ತಂಬೂರಿ ಬಡಿದಾಡುವ ತಂತಿಯಿಂದ ಶ್ರೀಮಂತವಾದ ವಾದ್ಯವೆಂಬುದು ಹೀಗೆ ಲೆಕ್ಕಕ್ಕೂ ಸಿಕ್ಕಿತು. ಅದನ್ನು ಅನುಕರಿಸುವುದು ಎಷ್ಟು ಕಷ್ಟವೆಂಬುದೂ ಆಗಲೇ ಗೊತ್ತಾಯಿತು.

ಆ ಕಷ್ಟಕ್ಕೆ ಕೈ ಹಾಕಿದವರು ಬೆಂಗಳೂರಿನ ಜಿ. ರಾಜ್ ನಾರಾಯಣ್, ವೃತ್ತಿಯಿಂದ ಎಂಜಿನಿಯರ್, ಮನಸ್ಸಿನಿಂದ ಕೊಳಲುವಾದಕ. ಈ ಎರಡನೆಯ ಗುಣ ಇಲ್ಲಿ ಬಹಳ ಮುಖ್ಯ. ಹಾಡುವವರು ತಂಬೂರಿಯನ್ನು ತೊಡೆಯ ಮೇಲಿಟ್ಟು ತಾವೇ ಮೀಟಿಕೊಂಡು ಅಭ್ಯಾಸ ಮಾಡಬಹುದು. ಕೊಳಲು ನುಡಿಸುವವರ ಬಾಯಿ, ಎರಡೂ ಕೈಗಳು ಕೊಳಲಿಗೇ ಒಪ್ಪಿಸಿದವಾದ್ದರಿಂದ ತಂಬೂರಿಗೆ ಇನ್ನೊಬ್ಬರು ಬೇಕೇ ಬೇಕು. ದಿನವೂ ಬೆಳಗಿನ ಜಾವದ ಸಾಧನೆಗೆ ಇನ್ನೊಬ್ಬರನ್ನು ಎಲ್ಲಿಂದ ತರುವುದು? ಇಂಥ ಅಡಚಣೆಗೆ ಉತ್ತರವಾಗಬಲ್ಲ ಪೆಟ್ಟಿಗೆಯೊಂದು ಮದರಾಸಿನ ಮ್ಯೂಸಿಕ್ ಅಕಾಡೆಮಿಯ 52ನೇ ಸಮ್ಮೇಳನದಲ್ಲಿ, 1978ರ ಡಿಸೆಂಬರ್‌ನಿಂದ 1979ರ ಜನವರಿಯವರೆಗಿನ ಆ ಸಂಗೀತದ ಋತುವಿನಲ್ಲಿ, ವಿದ್ವಾಂಸರ ಮುಂದೆ ಬಂತು. ಸಂಪ್ರದಾಯದ ಕೋಟೆಯೊಳಗೇ ಹೋಗಿ ಯಂತ್ರವನ್ನು ಒಪ್ಪಿಸುವ ಧೈರ್ಯ ಅದಾಗಿತ್ತು. ರಾಜ್ ನಾರಾಯಣ್ ಕಟ್ಟಿದ ರೇಡೆಲ್ ಸಂಸ್ಥೆಯಿಂದ ‘ಸಾರಂಗ್’ ತಂಬೂರಿ, ತಬಲಾ ನುಡಿಸುವ ‘ತಾಲ್‌ಮಾಲಾ’, ಇನ್ನೂ ಮುಂದೆ ಡಿಜಿಟಲ್ ವೀಣೆ ಒಂದೊಂದಾಗಿ ಹೊರಬಂದವು. ಇದೇ ಬಳಗ ವೈಮಾನಿಕ ಕ್ಷೇತ್ರಕ್ಕೆ ಬೇಕಾದ ಎಲೆಕ್ಟ್ರಾನಿಕ್ ಉಪಕರಣಗಳನ್ನೂ ತಯಾರಿಸಿತೆಂಬುದು ಬೆಂಗಳೂರಿಗೆ ತಕ್ಕ ಜೋಡಿಯೇ ಸರಿ.

ಇಂಥ ಪೆಟ್ಟಿಗೆಯ ಹಿಂದಿನ ತತ್ತ್ವ ಸರಳವಾದದ್ದು. ಒಂದೇ ಗತಿಯಲ್ಲಿ ವಿದ್ಯುತ್ ಮಿಡಿತಗಳನ್ನು ಹೊರಡಿಸುವ ಮಂಡಲಕ್ಕೆ ಆಸಿಲೇಟರ್, ಅಂದರೆ ಆಂದೋಲಕ, ಎಂದು ಹೆಸರು. ಆಂದೋಲಕ ಸೆಕೆಂಡಿಗೆ 390 ಮಿಡಿತ ಕೊಟ್ಟರೆ ಅದನ್ನು 6ರಿಂದ ಭಾಗಿಸಿದಾಗ 65, 4ರಿಂದ ಭಾಗಿಸಿದಾಗ 97.5, 3ರಿಂದ ಭಾಗಿಸಿದಾಗ 130 ಸಿಗುತ್ತದೆ. ತಂಬೂರಿಯ ಮೂರು ಸ್ವರಗಳೂ ಒಂದೇ ಮೂಲದಿಂದ ಹೊರಟವು. ಗುಂಡಿ ತಿರುಗಿಸಿ ಮೂಲದ ಗತಿಯನ್ನು ಏರಿಸಿದರೆ ಮೂರೂ ಒಟ್ಟಾಗಿ ಏರುತ್ತವೆ, ಅವುಗಳ ನಡುವಿನ ಸಂಬಂಧ ಮಾತ್ರ ಕದಲುವುದಿಲ್ಲ. ಒಂದು ಮನೆಯಿಂದ ಐದು ಮನೆಗೆ ಶ್ರುತಿ ಬದಲಿಸಲು ತಂತಿ ಬದಲಿಸುವ, ಬಿರಡೆ ತಿರುಗಿಸುವ ಕೆಲಸವೇ ತಪ್ಪಿತು. ನಂತರದ ದಿನಗಳಲ್ಲಿ ನಿಜವಾದ ತಂಬೂರಿಯ ನಾದವನ್ನೇ ಮುದ್ರಿಸಿ ಚಿಪ್‌ನಲ್ಲಿ ಕಾದಿಟ್ಟು ಮತ್ತೆ ಮತ್ತೆ ಹೊರಡಿಸುವ ಸ್ಯಾಂಪ್ಲಿಂಗ್ ವಿಧಾನ ಬಂದು, ನಾದ ಇನ್ನಷ್ಟು ಸಹಜವಾಯಿತು.

ತಂಬೂರಿ ಪೆಟ್ಟಿಗೆಗೂ ಸುಮಾರು ಹತ್ತು ವರ್ಷ ಮೊದಲು ದೇಶದ ಇನ್ನೊಂದು ಮೂಲೆಯಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಹವ್ಯಾಸದ ಬೆಲೆ ತಿಳಿಯುತ್ತದೆ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಒಂದು ಮೂಗ್ ಸಿಂಥಸೈಜರ್ ತಂದು ಸ್ಟುಡಿಯೋ ಸ್ಥಾಪಿಸಿದರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮೊದಲಾದವರು ಅಲ್ಲಿ ಪ್ರಯೋಗಗಳನ್ನು ನಡೆಸಿದರು. ಅಂದಿನ ಜಗತ್ತಿನ ಅತ್ಯಾಧುನಿಕ ವಾದ್ಯ, ಬೆನ್ನಿಗೆ ದೊಡ್ಡ ಸಂಸ್ಥೆ, ಎಲ್ಲವೂ ಇದ್ದರೂ ಮೂರ್ನಾಲ್ಕು ವರ್ಷಗಳಲ್ಲಿ ಆ ಕೆಲಸ ನಿಂತಿತು. ಮುದ್ರಿಸಿದ ಟೇಪುಗಳು ಕಪಾಟು ಸೇರಿ, ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಾಸ್ ಹುಡುಕಿ ತೆಗೆದ ಮೇಲೆ, 2023ರಲ್ಲಷ್ಟೇ ಕೇಳುಗರಿಗೆ ಸಿಕ್ಕವು. 1982ರಲ್ಲಿ ಮುಂಬೈಯ ಚರಣ್‌ಜಿತ್ ಸಿಂಗ್ ಜಪಾನಿನ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ನುಡಿಸಿದ ಧ್ವನಿಮುದ್ರಿಕೆಗೂ ಮನ್ನಣೆ ದೊರೆತದ್ದು ಸುಮಾರು ಮೂರು ದಶಕಗಳ ನಂತರ. ಮೂಗ್ ಒಂದು ಕೋಣೆಯಲ್ಲಿ ಉಳಿಯಿತು, ತಂಬೂರಿ ಪೆಟ್ಟಿಗೆ ಊರೂರಿಗೆ ಹೋಯಿತು. ಏಕೆಂದರೆ ಮೊದಲನೆಯದು ವಾದ್ಯ ಬಂದ ಮೇಲೆ ಸಂಗೀತವನ್ನು ಹುಡುಕಿತು, ಎರಡನೆಯದು ಸಂಗೀತಕ್ಕೆ ಬೇಕಾದಾಗ ವಾದ್ಯವನ್ನು ಹುಡುಕಿತು.

ಹಂಸಲೇಖರ ಸಂಗೀತವಿದ್ದ ‘ಪ್ರೇಮಲೋಕ’ 1987ರಲ್ಲಿ ಬಂದ ಮೇಲೆ ಕೀಬೋರ್ಡಿನ ನಾದ ಕನ್ನಡದ ಕಿವಿಗೆ ಹೊಸದಾಗಿ ಉಳಿಯಲಿಲ್ಲ. ಗಣೇಶನ ಪೆಂಡಾಲುಗಳಲ್ಲಿ ಹಾಡುವ ರಸಮಂಜರಿ ತಂಡಗಳಿಗೆ ಕೀಬೋರ್ಡು, ರಿದಂ ಪ್ಯಾಡು ಅನಿವಾರ್ಯವಾದವು. ಆಮೇಲಿನ ಇತಿಹಾಸ ವೇಗದ್ದು: ಪೆಟ್ಟಿಗೆ ಮೊಬೈಲಿನೊಳಗೆ ಸೇರಿತು, ಸ್ಟುಡಿಯೋ ಲ್ಯಾಪ್‌ಟಾಪಿನೊಳಗೆ ಸೇರಿತು.

ಈ ಸಾಗಾಟದಲ್ಲಿ ಕಳೆದುಹೋದದ್ದನ್ನು ಮರೆಯುವಂತಿಲ್ಲ. ಕಛೇರಿಯ ವೇದಿಕೆಯಲ್ಲಿ ಗಾಯಕರ ಬೆನ್ನ ಹಿಂದೆ ಕುಳಿತು ತಂಬೂರಿ ಮೀಟುತ್ತಿದ್ದ ಶಿಷ್ಯರ ಜಾಗದಲ್ಲಿ ಈಗ ಅನೇಕ ಕಡೆ ಒಂದು ವೈರು ಮಾತ್ರ ಕಾಣುತ್ತದೆ. ಆ ಜಾಗ ಬರಿಯ ಅಲಂಕಾರದ್ದಾಗಿರಲಿಲ್ಲ; ಗುರುವಿನ ಉಸಿರನ್ನು ಅಷ್ಟು ಹತ್ತಿರದಿಂದ ಮೂರು ಗಂಟೆ ಕೇಳುವ ಪಾಠಶಾಲೆ ಅದಾಗಿತ್ತು. ತಂಬೂರಿ ಕೂಡಿಸುವ ವಿದ್ಯೆಯೂ ಕೈತಪ್ಪುತ್ತಿದೆ; ಗುಂಡಿ ಒತ್ತಿದೊಡನೆ ಸರಿಯಾದ ಶ್ರುತಿ ಸಿಗುವಾಗ, ತಪ್ಪಾದ ಶ್ರುತಿ ಹೇಗಿರುತ್ತದೆಂದು ಕಲಿಯುವ ಸಂದರ್ಭವೇ ಇಲ್ಲವಾಗಿದೆ. ಮೀರಜಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದು ಸಂತೋಷವೇ, ಆದರೆ ಮಾನ್ಯತೆಯ ಪತ್ರ ಮಾಡುವವರನ್ನು ಉಳಿಸುವುದಿಲ್ಲ, ಕೊಳ್ಳುವವರು ಉಳಿಸುತ್ತಾರೆ. ಗುಬ್ಬಿ ತಾಲ್ಲೂಕಿನ ಚೇಳೂರು ‘ಸಿದ್ದು’ ಹಲಸಿನ ತಳಿಯಿಂದ ಹೆಸರಾಗಿದೆ. ಹಲಸಿನ ತೊಳೆಯನ್ನು ಬಲ್ಲ ಆ ಸೀಮೆಯ ಎಷ್ಟು ಮಕ್ಕಳು ಹಲಸಿನ ಮರದ ತಂಬೂರಿಯನ್ನು ಮುಟ್ಟಿ ನೋಡಿದ್ದಾರೆಂಬುದು ಕೇಳಲೇಬೇಕಾದ ಪ್ರಶ್ನೆ.

ಕಂಪ್ಯೂಟರಿನ ಹವ್ಯಾಸಿಗೆ ಈ ಕಥೆಯಲ್ಲಿ ಪಾಠವಿದೆ. ಕೈ ಪಳಗಬೇಕೆಂದು ಹೊರಡುವವರು ಮೊದಲು ಮಾಡುವುದು ಹೊಸ ಹೊಸ ಸದ್ದುಗಳನ್ನು ಕೂಡಿಹಾಕುವ ಕೆಲಸ. ತಂಬೂರಿ ಹೇಳಿಕೊಡುವುದು ಮೂರೇ ಸದ್ದುಗಳನ್ನು ಕೂಡಿಸುವ ಕೆಲಸ. ಉಚಿತವಾಗಿ ದೊರೆಯುವ ಅಡಾಸಿಟಿಯಂಥ ತಂತ್ರಾಂಶದಲ್ಲೂ ಇದನ್ನು ಮಾಡಿ ನೋಡಬಹುದು. ಗರಗಸದ ಹಲ್ಲಿನ ಆಕಾರದ, ಉಪಸ್ವರಗಳಿಂದ ತುಂಬಿದ ಅಲೆಯನ್ನು ಆರಿಸಿಕೊಂಡು 65ರ ಷಡ್ಜವನ್ನೂ 98ರ ಪಂಚಮವನ್ನೂ ಒಟ್ಟಿಗೆ ನುಡಿಸಿದರೆ, ಮೊದಲನೆಯದರ ಮೂರರಷ್ಟಿನ ಉಪಸ್ವರ 195ಕ್ಕೂ ಎರಡನೆಯದರ ಎರಡರಷ್ಟಿನ ಉಪಸ್ವರ 196ಕ್ಕೂ ತಾಕಲಾಟವಾಗಿ, ನಾದ ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತದೆ. ಪಂಚಮವನ್ನು 97.5ಕ್ಕೆ ಇಳಿಸಿದೊಡನೆ ಆ ಅಲುಗಾಟ ನಿಂತು ಎರಡೂ ಒಂದರೊಳಗೊಂದು ಕರಗುತ್ತವೆ. ಕೀಬೋರ್ಡಿನ ಸಮಪಾಲಿನ ಪಂಚಮವಾದ 97.39ನ್ನು ಇಟ್ಟರೆ ಉಬ್ಬರ ಸುಮಾರು ನಾಲ್ಕೂವರೆ ಸೆಕೆಂಡಿಗೊಮ್ಮೆ ಬಂದು ಹೋಗುತ್ತದೆ. ಹಾರ್ಮೋನಿಯಂ ಕುರಿತ ಹಳೆಯ ಜಗಳದ ಒಂದು ತುಣುಕು ಅದೇ ಉಬ್ಬರದಲ್ಲಿ ಇಂದಿಗೂ ಕೇಳಿಸುತ್ತದೆ. ಆಮೇಲೆ ಒಂದೊಂದು ಸ್ವರದ ಗಟ್ಟಿತನವನ್ನು ತಗ್ಗಿಸಿ ಏರಿಸಿ, ಯಾವುದೂ ಯಾವುದನ್ನೂ ನುಂಗದಂತೆ ಹದ ಮಾಡುವುದೇ ಮಿಕ್ಸಿಂಗ್ ಎಂಬ ವಿದ್ಯೆಯ ಮೊದಲ ಮೆಟ್ಟಿಲು. ಇದು ಕಿವಿಗೆ ಬಂದವರು ಮುಂದೆ ನಲವತ್ತು ಸದ್ದುಗಳನ್ನು ಹೇರಿದರೂ ದಾರಿ ತಪ್ಪುವುದಿಲ್ಲ.

ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಸಂಗೀತಶಾಲೆಗಳು ಎಲೆಕ್ಟ್ರಾನಿಕ್ ತಂಬೂರಿಯನ್ನು ಬಿಡಬೇಕಾಗಿಲ್ಲ. ಹವ್ಯಾಸಿಯೊಬ್ಬರ ಅಗತ್ಯದಿಂದ ಹುಟ್ಟಿದ ಆ ಪೆಟ್ಟಿಗೆ ಲಕ್ಷಾಂತರ ಸಾಧಕರ ಒಂಟಿತನ ನೀಗಿದೆ. ಅದರ ಪಕ್ಕದಲ್ಲಿ ಹಲಸಿನ ಮರದ ಒಂದು ತಂಬೂರಿಯನ್ನೂ ನಿಲ್ಲಿಸಲಿ. ಸತ್ಯಮಂಗಲದ ಕಾರ್ಖಾನೆಯಲ್ಲಿ ದುಡಿದು ಬಂದು ರಾತ್ರಿ ಲ್ಯಾಪ್‌ಟಾಪಿನ ಮುಂದೆ ಕೂರುವ ಹುಡುಗನಿಗೂ ಭಾನುವಾರ ಅದರ ಬಿರಡೆ ತಿರುಗಿಸುವ, ಜೀವದ ದಾರ ಸರಿಸುವ ಅವಕಾಶವಿರಲಿ.